ಕಾಯಿರಿ ಎಂದವರು ನಾವು, ಕಂತು ಕಟ್ಟಿದವಳು ಅವಳು



ನಾನು ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ಆಮೇಲೆ ನಮ್ಮ ಬಡಾವಣೆಯ ಮಠದಲ್ಲಿ ಸಂಜೆ ಹೊತ್ತು ಸೇರುವ ಹಿರಿಯರ ಪಂಚಾಯಿತಿಯಲ್ಲಿ ಕೂರುತ್ತಾ ಬಂದಿದ್ದೇನೆ. ಈ ಎರಡೂ ಜಾಗಗಳಲ್ಲಿ ಕುಳಿತು ಒಬ್ಬಳೇ ಹೆಣ್ಣುಮಗಳಿಗೆ ನಾನು ಎರಡು ಸಲ ಅನ್ಯಾಯ ಮಾಡಿದ್ದೇನೆ. ಅದನ್ನು ಒಪ್ಪಿಕೊಳ್ಳದೆ ಇತರರಿಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಆದ್ದರಿಂದ ಮೊದಲು ನನ್ನ ತಪ್ಪು, ಆಮೇಲೆ ನಮ್ಮೆಲ್ಲರ ತಪ್ಪು.

2014ರಲ್ಲಿ ಒಬ್ಬ ತರುಣ ಸರಕು ಸಾಗಿಸುವ ಗಾಡಿ ಕೊಳ್ಳಲು ನಮ್ಮ ಸಂಘದಿಂದ 3 ಲಕ್ಷ ರೂಪಾಯಿ ಸಾಲ ಕೇಳಿ ಬಂದ. ಜೊತೆಗೆ ಹೆಂಡತಿಯನ್ನೂ ಕರೆತಂದಿದ್ದ. ಹರಿಹರದ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿತ್ತು, ಕಂಕುಳಲ್ಲಿ ಮಗು. ಜಾಮೀನುದಾರರ ಕಾಲಮ್ಮಿಗೆ ಬೆರಳಿಟ್ಟು ನಾನೇ ಹೇಳಿದೆ: “ಇಲ್ಲೊಂದು ಸಹಿ ಹಾಕವ್ವಾ, ಬರೀ ನೆಪಕ್ಕೆ.” ಆಕೆ ಗಂಡನ ಮುಖ ನೋಡಿದಳು, ಅವನು ತಲೆಯಾಡಿಸಿದ, ಆಕೆ ಸಹಿ ಹಾಕಿದಳು. ಏನು ಬರೆದಿದೆ ಎಂದು ಆಕೆ ಕೇಳಲಿಲ್ಲ, ನಾನು ಓದಿ ಹೇಳಲಿಲ್ಲ. ನನ್ನ 31 ವರ್ಷಗಳಲ್ಲಿ ಹೀಗೆ “ನೆಪಕ್ಕೆ” ಎಂದು ಎಷ್ಟು ಹೆಂಗಸರಿಂದ ಸಹಿ ಹಾಕಿಸಿದ್ದೇನೋ ಲೆಕ್ಕವಿಲ್ಲ.

2016ರ ದೀಪಾವಳಿ ಕಳೆದ ಮೇಲೆ ಆತ ಬಾಡಿಗೆಗೆ ಹೋಗಿ ಬರುತ್ತೇನೆಂದು ಹೊರಟವನು ತಿರುಗಿ ಬರಲಿಲ್ಲ. ಗಾಡಿಯನ್ನು ಎಲ್ಲೋ ಮಾರಿದ್ದ. ಮೊದಲ ಮೂರು ತಿಂಗಳು ಫೋನ್ ಎತ್ತಿ “ಹುಡುಕಬೇಡ, ನಾನು ಬರೋದಿಲ್ಲ” ಎಂದ, ಆಮೇಲೆ ನಂಬರೇ ಬದಲಾಯಿತು. ಆಕೆ ಮಗುವನ್ನು ಕಟ್ಟಿಕೊಂಡು ಹರಿಹರದ ತವರಿಗೆ ಬಂದಳು. 2017ರಲ್ಲಿ ತಾಯಿಯೊಂದಿಗೆ ನಮ್ಮ ಮಠದ ಪಂಚಾಯಿತಿಗೆ ಬಂದು ನಿಂತಳು. ನಾವು ಐವರು ಹಿರಿಯರು ಕುಳಿತಿದ್ದೆವು. ಗಂಡನ ಅಣ್ಣನನ್ನು ಕರೆಸಿದೆವು. ಅವನು “ನಮಗೂ ಅವನಿಗೂ ಸಂಬಂಧ ಇಲ್ಲ” ಎಂದು ಕೈ ಝಾಡಿಸಿಕೊಂಡು ಹೋದ. ನಾವು ಆಕೆಗೆ ಹೇಳಿದ್ದು ಇಷ್ಟೇ: “ಕಾಯವ್ವಾ, ಗಂಡಸು, ಇವತ್ತಲ್ಲ ನಾಳೆ ಬರ್ತಾನೆ.” 2019ರಲ್ಲಿ ಮತ್ತೆ ಬಂದಳು. “ನನಗೆ ಇದರಿಂದ ಬಿಡುಗಡೆ ಬೇಕು ಯಜಮಾನ್ರೇ” ಎಂದಳು. ನಮ್ಮಲ್ಲೊಬ್ಬರು, “ಗಂಡ ಕಾಣೆಯಾದರೆ ಏಳು ವರ್ಷ ಕಾಯಲೇಬೇಕು, ಕಾನೂನೇ ಹಾಗಿದೆ” ಎಂದರು. ನಾನು ಹೌದೆಂದು ತಲೆ ಹಾಕಿದೆ.

ಆ ಮಾತು ಶುದ್ಧ ತಪ್ಪು. ನನಗೆ ಅದು ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಆಕೆ ಕಾದಳು. ಸಾಲ ಕಾಯಲಿಲ್ಲ. 2018ರ ಹೊತ್ತಿಗೇ ಸಂಘದ ನೋಟೀಸು ಜಾಮೀನುದಾರಳಾದ ಆಕೆಯ ತವರಿನ ಬಾಗಿಲಿಗೆ ಹೋಗಿತ್ತು. ರೊಟ್ಟಿ ಬಡಿದು ಮಾರಿ ತಿಂಗಳಿಗೆ 2,500 ರೂಪಾಯಿಯಂತೆ 48 ತಿಂಗಳು, ಒಟ್ಟು 1,20,000 ರೂಪಾಯಿಯನ್ನು ಆಕೆ ಕಟ್ಟಿದಳು. ನೋಟೀಸು ಕಳಿಸಿದ ಸಂಘ ನಾನು ದುಡಿದದ್ದು. ಕಾಯಿರಿ ಎಂದ ಪಂಚಾಯಿತಿ ನಾನು ಕುಳಿತದ್ದು. ಒಂದು ಕಡೆ “ನೀನು ಅವನ ಹೆಂಡತಿ, ಸಾಲ ಕಟ್ಟು” ಎಂದೆವು, ಇನ್ನೊಂದು ಕಡೆ “ನೀನು ಅವನ ಹೆಂಡತಿ, ಸುಮ್ಮನಿರು” ಎಂದೆವು.

ಇನ್ನು ನಮ್ಮೆಲ್ಲರ ತಪ್ಪಿನ ಮಾತು.

ಮೊದಲನೆಯದು ಈ ಏಳು ವರ್ಷದ ಕಥೆ. 1955ರ ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತ ಎಂದು ಹೆಸರಿಟ್ಟೇ ನಮ್ಮನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಧರ್ಮದ ಮಾನ್ಯತೆಯ ಬಗ್ಗೆ ನಮ್ಮ ನಿಲುವು ಏನೇ ಇರಲಿ, ಇಂದು ನಮ್ಮ ಮದುವೆ, ವಿಚ್ಛೇದನಗಳು ನಡೆಯುವುದು ಆ ಕಾಯ್ದೆಯಂತೆ. ಅದರ 13ನೇ ಕಲಮಿನಲ್ಲಿ ಎರಡು ಬೇರೆ ಬೇರೆ ಆಧಾರಗಳಿವೆ. ಒಂದು, ಬದುಕಿದ್ದಾನೆ ಎಂಬ ಸುದ್ದಿಯನ್ನು ಸಹಜವಾಗಿ ಕೇಳಬೇಕಾದವರು ಏಳು ವರ್ಷವಾದರೂ ಕೇಳದೆ ಇರುವುದು. ಇದು ಬದುಕಿದ್ದಾನೋ ಇಲ್ಲವೋ ತಿಳಿಯದವನ ವಿಷಯ. ಇನ್ನೊಂದು, ಪರಿತ್ಯಾಗ. ಸಕಾರಣವಿಲ್ಲದೆ, ಒಪ್ಪಿಗೆಯಿಲ್ಲದೆ ಸಂಗಾತಿಯನ್ನು ಬಿಟ್ಟುಹೋಗಿ, ಅರ್ಜಿ ಹಾಕುವ ಮುಂಚೆ ಸತತ ಎರಡು ವರ್ಷ ಕಳೆದಿದ್ದರೆ ಸಾಕು. ಇದು 1976ರ ತಿದ್ದುಪಡಿಯಿಂದ ಬಂದದ್ದು. “ನಾನು ಬರೋದಿಲ್ಲ” ಎಂದು ಫೋನಿನಲ್ಲಿ ಹೇಳಿ ಹೋದವನು ಕಾಣೆಯಾದವನಲ್ಲ, ಬಿಟ್ಟುಹೋದವನು. ಹೋದದ್ದು, ಮತ್ತು ಬಿಡುವ ಮನಸ್ಸಿನಿಂದ ಹೋದದ್ದು, ಇವೆರಡೂ ಇದ್ದರೆ ಪರಿತ್ಯಾಗ ಎಂದು ಸುಪ್ರೀಂ ಕೋರ್ಟು ಬಿಪಿನ್‌ಚಂದ್ರ ಶಾ ಪ್ರಕರಣದ ಕಾಲದಿಂದ ಹೇಳುತ್ತಲೇ ಬಂದಿದೆ. ಹಾಗಾದರೆ ಆ ಹೆಣ್ಣುಮಗಳು 2018ರ ದೀಪಾವಳಿ ಕಳೆದ ಕೂಡಲೇ ಅರ್ಜಿ ಹಾಕಬಹುದಿತ್ತು. ನಮ್ಮ ಮಾತು ಕೇಳಿ ಆಕೆ ಹಾಕಿದ್ದು 2022ರಲ್ಲಿ. ನಡುವಿನ ಆ ವರ್ಷಗಳನ್ನು ಆಕೆಗೆ ಯಾರು ಕೊಡುತ್ತಾರೆ?

“ಗಂಡನೇ ಸಿಗದಿದ್ದರೆ ನೋಟೀಸು ಯಾರಿಗೆ ಕೊಡುವುದು?” ಎಂದು ಕೇಳುತ್ತಾರೆ. ನ್ಯಾಯಾಲಯಕ್ಕೆ ಇದು ಹೊಸ ಪ್ರಶ್ನೆಯಲ್ಲ. ಗೊತ್ತಿರುವ ಕೊನೆಯ ವಿಳಾಸಕ್ಕೆ ಸಮನ್ಸು ಹೋಗುತ್ತದೆ. ಅದು ಮುಟ್ಟದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮದಂತೆ ಆ ಮನೆಯ ಬಾಗಿಲಿಗೆ ಮತ್ತು ನ್ಯಾಯಾಲಯದ ಫಲಕಕ್ಕೆ ಅಂಟಿಸಬಹುದು, ಪತ್ರಿಕೆಯಲ್ಲಿ ಪ್ರಕಟಿಸಬಹುದು. ಆಗಲೂ ಬಾರದಿದ್ದರೆ ಅವನಿಲ್ಲದೆಯೇ ಸಾಕ್ಷ್ಯ ಕೇಳಿ ಏಕಪಕ್ಷೀಯವಾಗಿ ಡಿಕ್ರಿ ಕೊಡುತ್ತದೆ. ಒಂದೇ ಎಚ್ಚರ: ವಿಳಾಸ ಗೊತ್ತಿದ್ದೂ ಗೊತ್ತಿಲ್ಲವೆಂದು ಬರೆಯಬಾರದು. ಮುಂದೊಂದು ದಿನ ಅವನು ಬಂದು ತನಗೆ ಸುದ್ದಿಯೇ ಮುಟ್ಟಿಲ್ಲವೆಂದು ತೋರಿಸಿದರೆ ಡಿಕ್ರಿ ರದ್ದಾಗಬಹುದು. ಗಂಡನ ಊರಿಗೇ ಹೋಗಿ ಅರ್ಜಿ ಹಾಕಬೇಕೆಂಬುದೂ ಸುಳ್ಳು. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ಈಗ ವಾಸವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ವಕೀಲರ ಖರ್ಚಿನ ಚಿಂತೆಯೂ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಯಾವುದೇ ಮಹಿಳೆಗೆ, ಆಕೆಯ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ದೂರವಾಣಿ 15100. ಇಷ್ಟು ವರ್ಷ ಪಂಚಾಯಿತಿಯಲ್ಲಿ ಕುಳಿತ ನಾನು ಈ ನಂಬರನ್ನು ಒಬ್ಬ ತಾಯಿಗೂ ಹೇಳಿರಲಿಲ್ಲ.

ಎರಡನೆಯದು ಛಾಪಾ ಕಾಗದದ ವಿಚ್ಛೇದನ. ನಮ್ಮಲ್ಲಿ ಹಿಂದಿನಿಂದಲೂ ಬಿಡುಗಡೆಯ ಪದ್ಧತಿಯಿತ್ತು, ಉಡಿಕೆಯ ಮದುವೆಯೂ ಇತ್ತು. ಗಂಡ ಸತ್ತವಳಿಗೆ, ಗಂಡ ಬಿಟ್ಟವಳಿಗೆ ಎರಡನೆಯ ಬದುಕು ಕೊಟ್ಟ ಸಮಾಜ ನಮ್ಮದು, ಅದು ನಮ್ಮ ಹೆಮ್ಮೆ. ಕಾಯ್ದೆಯ 29ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿಯೂ ಇದೆ. ಆದರೆ ಅಂಥ ರೂಢಿ ತಮ್ಮಲ್ಲಿ ಇತ್ತು, ಈಗಲೂ ನಡೆದುಬಂದಿದೆ ಎಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಯಮನಾಜಿ ಜಾಧವ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ನೂರು ರೂಪಾಯಿ ಕಾಗದದ ಮೇಲೆ ಬರೆದು, ಹಿರಿಯರು ಐದು ಸಹಿ ಹಾಕಿ, ನೋಟರಿಯ ಮುದ್ರೆ ಒತ್ತಿದ ಮಾತ್ರಕ್ಕೆ ವಿಚ್ಛೇದನವಾಗುವುದಿಲ್ಲ. ಅದನ್ನು ನಂಬಿ ಇನ್ನೊಂದು ಮದುವೆ ಮಾಡಿಸಿದರೆ ಆ ಮದುವೆಯೇ ಶೂನ್ಯವಾಗುವ, ಆಕೆ ದ್ವಿಪತಿತ್ವದ ಆರೋಪ ಹೊರುವ ಅಪಾಯವಿದೆ. ಇನ್ನು ಗಂಡನೇ ಎದುರಿಗಿಲ್ಲದಾಗ ಪಂಚಾಯಿತಿಯ ಕಾಗದಕ್ಕೆ ಯಾವ ಬೆಲೆ? ಸಿರಿಗೆರೆಯ ಸದ್ಧರ್ಮ ನ್ಯಾಯಪೀಠದಂಥ ಕಡೆ ಮಠದ ಮಾತಿಗೆ ಬಲ ಬರುವುದು ಎರಡೂ ಪಕ್ಷದವರು ಬಂದು ಕೂತು ಒಪ್ಪುವುದರಿಂದ. ಬಾರದವನನ್ನು ಕಟ್ಟಿಹಾಕುವ ಅಧಿಕಾರ ಯಾವ ಮಠಕ್ಕೂ ಇಲ್ಲ. ಅಂಥ ಪ್ರಕರಣದಲ್ಲಿ ಆಕೆಯ ಕೈಹಿಡಿದು ನ್ಯಾಯಾಲಯದ ಮೆಟ್ಟಿಲವರೆಗೆ ಕರೆದೊಯ್ಯುವುದೇ ಮಠದ ಕೆಲಸ.

ಮೂರನೆಯದು ಸಾಲ. ಇದನ್ನು ನಾನು ಬಲ್ಲೆ, ಇದೇ ನನ್ನ ಕಾಯಕವಾಗಿತ್ತು. ಆ ಹೆಣ್ಣುಮಗಳ ತಲೆಯ ಮೇಲೆ ಮೂರು ಸಾಲಗಳಿದ್ದವು, ಮೂರಕ್ಕೂ ಮೂರು ಉತ್ತರ.

ಮೊದಲನೆಯದು ಗಂಡ ಒಬ್ಬನೇ ಪ್ರಾಮಿಸರಿ ನೋಟಿಗೆ ಸಹಿ ಹಾಕಿ ತಂದ 80,000 ರೂಪಾಯಿ ಕೈಸಾಲ. ಸಾಲ ಕೊಟ್ಟವನು ಹರಿಹರದ ತವರಿಗೆ ಬಂದು ಬಾಗಿಲಲ್ಲಿ ಕೂತು ಆಕೆಯ ಬೆಂಡೋಲೆ ಬಿಚ್ಚಿಸಿಕೊಂಡು ಹೋದ. ಆಕೆ ಆ ಸಾಲದ ಒಂದು ಪೈಸೆಗೂ ಹೊಣೆಯಲ್ಲ. ಗಂಡ ಸಾಲ ಮಾಡಿದನೆಂಬ ಒಂದೇ ಕಾರಣಕ್ಕೆ, ಸಹಿ ಹಾಕದ ಹೆಂಡತಿ ಸಾಲಗಾರಳಾಗುವುದಿಲ್ಲ. ಬೆಂಡೋಲೆ ತವರಿನವರು ಕೊಟ್ಟದ್ದು, ಸ್ತ್ರೀಧನ. ಅದು ಸಂಪೂರ್ಣವಾಗಿ ಆಕೆಯದೇ ಎಂದು ಸುಪ್ರೀಂ ಕೋರ್ಟು 1985ರ ಪ್ರತಿಭಾ ರಾಣಿ ಪ್ರಕರಣದಿಂದ ಹೇಳುತ್ತಿದೆ. “ನಿನ್ನ ಮಗ ದೊಡ್ಡವನಾಗಿ ತೀರಿಸಲಿ, ಅಪ್ಪನ ಸಾಲ ಮಗನದು” ಎಂದೂ ಆ ಮನುಷ್ಯ ಹೇಳಿದ್ದ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಒಂದೇ ನೆಲೆಯ ಮೇಲೆ ಮಗನಿಂದ ವಸೂಲಿ ಮಾಡುವಂತಿಲ್ಲ ಎಂದು 2005ರ ಉತ್ತರಾಧಿಕಾರ ತಿದ್ದುಪಡಿ ಹೇಳಿಯಾಗಿದೆ. ಕೊನೆಗೆ ಅವನು ಹೊಸ ನೋಟೊಂದನ್ನು ತಂದು “ಸಹಿ ಹಾಕು, ತೊಂದರೆ ಕೊಡೋದಿಲ್ಲ” ಎಂದಿದ್ದ. ಪುಣ್ಯಕ್ಕೆ ಆಕೆ ಹಾಕಲಿಲ್ಲ. ತಾಯಂದಿರೇ, ಗಂಡನ ಹಳೆಯ ಸಾಲಕ್ಕೆ ನಿಮ್ಮ ಹೆಸರಿನ ಹೊಸ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಆ ಕ್ಷಣದಿಂದ ಅದು ನಿಮ್ಮ ಸಾಲವಾಗುತ್ತದೆ.

ಎರಡನೆಯದು ವಾರದ ಕಂತಿನ ಗುಂಪು ಸಾಲ, 40,000 ರೂಪಾಯಿ. ತೆಗೆದದ್ದು ಆಕೆಯ ಹೆಸರಿನಲ್ಲಿ, ಖರ್ಚು ಮಾಡಿದವನು ಗಂಡ. ಸತ್ಯ ಹೇಳಬೇಕು: ಕಾಗದದ ಮೇಲೆ ಅದು ಆಕೆಯ ಸಾಲವೇ. ಆದರೆ ವಸೂಲಿಗೂ ಮಿತಿಯಿದೆ. ರಿಸರ್ವ್ ಬ್ಯಾಂಕಿನ ನಿರ್ದೇಶನಗಳಂತೆ ಮೈಕ್ರೋ ಫೈನಾನ್ಸಿನವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಒಂದು ಕುಟುಂಬದ ಎಲ್ಲ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ನಮ್ಮ ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಹತ್ತು ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ ಅದರಲ್ಲಿತ್ತು.

ಮೂರನೆಯದು ನಾನು ಸಹಿ ಹಾಕಿಸಿದ ಸಾಲ. ಇಲ್ಲಿ ಸಿಹಿ ಮಾತು ಹೇಳಲಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲ ಕೊಟ್ಟವರು ಮೊದಲು ಗಂಡನನ್ನು ಹುಡುಕಿ ಬಾ ಎಂದು ಆಕೆ ಹೇಳುವಂತಿಲ್ಲ. ವಿಚ್ಛೇದನದ ಡಿಕ್ರಿ ಸಿಕ್ಕರೂ ಜಾಮೀನು ಹರಿಯುವುದಿಲ್ಲ, ಏಕೆಂದರೆ ಆ ಕರಾರು ಗಂಡಹೆಂಡಿರ ನಡುವಿನದಲ್ಲ, ಆಕೆಗೂ ಸಂಘಕ್ಕೂ ನಡುವಿನದು. ಇದನ್ನು ತಿಳಿಯದೆ “ಡೈವೋರ್ಸ್ ಆಯ್ತು, ಸಾಲ ಹೋಯ್ತು” ಎಂದು ನಂಬಿ ಕೂತವರನ್ನೂ ನಾನು ನೋಡಿದ್ದೇನೆ. ಆದರೆ ಹೆಚ್ಚಿನ ಜನಕ್ಕೆ ತಿಳಿಯದ ಇನ್ನೊಂದು ಮಾತಿದೆ. ಜಾಮೀನುದಾರಳಾಗಿ ಆಕೆ ಕಟ್ಟಿದ ಹಣವನ್ನು ಗಂಡನಿಂದ ವಸೂಲಿ ಮಾಡುವ ಹಕ್ಕನ್ನು ಅದೇ ಕಾಯ್ದೆಯ 145ನೇ ಕಲಮು ಕೊಡುತ್ತದೆ. ಇಬ್ಬರೂ ಸಹ ಸಾಲಗಾರರಾಗಿದ್ದರೆ ಒಬ್ಬರು ಹೆಚ್ಚು ಕಟ್ಟಿದ ಪಾಲನ್ನು ಇನ್ನೊಬ್ಬರಿಂದ ಕೇಳುವ ಹಕ್ಕು 43ನೇ ಕಲಮಿನಲ್ಲಿದೆ. ಜೀವನಾಂಶ ಕೇಳಿದಾಗ ಎರಡೂ ಕಡೆಯವರು ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟು 2020ರ ರಜನೇಶ್ ಪ್ರಕರಣದಲ್ಲಿ ವಿಧಿಸಿದೆ. ಅಲ್ಲಿ ಈ ಸಾಲಗಳನ್ನೆಲ್ಲ ಬರೆಯಬೇಕು. ಅದಕ್ಕಾಗಿ ಕಟ್ಟಿದ ಪ್ರತಿ ಕಂತಿನ ರಸೀದಿಯನ್ನೂ ಜೋಪಾನ ಮಾಡಬೇಕು. ಆ ಹೆಣ್ಣುಮಗಳು 48 ರಸೀದಿಗಳನ್ನೂ ಒಂದು ಅಡಿಕೆ ಚೀಲದಲ್ಲಿ ಇಟ್ಟಿದ್ದಳು. ನನಗಿಂತ ಒಳ್ಳೆಯ ಗುಮಾಸ್ತೆ ಆಕೆ.

2023ರಲ್ಲಿ ಆಕೆಗೆ ಏಕಪಕ್ಷೀಯ ಡಿಕ್ರಿ ಸಿಕ್ಕಿತು. ಸಂಘದ ಉಳಿದ ಬಾಕಿ ಲೋಕ ಅದಾಲತ್ತಿನಲ್ಲಿ ಕಡಿಮೆ ಮೊತ್ತಕ್ಕೆ ತೀರಿತು. ಆ ದಿನ ನಾನು ಹೋಗಿದ್ದೆ. ಆಕೆ ನನ್ನನ್ನು ಬೈಯಲಿಲ್ಲ. “ಅವತ್ತೇ ಓದಿ ಹೇಳಿದ್ದರೆ ಆಗ್ತಿತ್ತು ನೋಡ್ರಿ ಯಜಮಾನ್ರೇ” ಎಂದಳು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಈ ಲೇಖನಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಹಿಂದೆ ಅವನ್ನು ಆಡುತ್ತಿದ್ದವನೇ ನಾನು.

“ಮಠದ ಪತ್ರಿಕೆಯಲ್ಲಿ ಮನೆ ಮುರಿಯುವ ಮಾತೇ?” ಎನ್ನುವರು. ಮನೆ ಮುರಿದವನು ಗಾಡಿ ಮಾರಿಕೊಂಡು ಹೋದವನು. ನಾವು ಕೇಳುತ್ತಿರುವುದು ಮುರಿದ ಮನೆಯ ತೊಲೆಯನ್ನು ಒಬ್ಬಳ ತಲೆಯ ಮೇಲೆ ಬಿಡಬೇಡಿ ಎಂದು. ಜೇಡರ ದಾಸಿಮಯ್ಯ ಶರಣರ ದಾಂಪತ್ಯದ ವಚನವನ್ನು ಪ್ರತಿ ಮದುವೆಯಲ್ಲೂ ಹೇಳುತ್ತೇವೆ. ಅದು ಇಬ್ಬರು ಒಂದಾಗುವ ಮಾತು. ಒಬ್ಬನು ಹೋದ ಮೇಲೆ ಉಳಿದವಳೊಬ್ಬಳಿಗೇ ಅದನ್ನು ಉಪದೇಶ ಮಾಡಿದರೆ ಅದು ವಚನವಲ್ಲ, ಸಂಕೋಲೆ.

“ಆ ಸಾಲದಲ್ಲಿ ಅವಳೂ ಉಂಡಿಲ್ಲವೇ?” ಎನ್ನುವರು. ಉಂಡವರ ಲೆಕ್ಕ ತೆಗೆಯುವುದಾದರೆ ಗಂಡನ ಅಣ್ಣನನ್ನೂ ತಾಯಿಯನ್ನೂ ಕರೆಯಿರಿ, ಗಾಡಿಯ ದುಡಿಮೆಯಲ್ಲಿ ಆ ಮನೆಗೆ ಎಷ್ಟು ಬಂತು ಕೇಳಿರಿ. ಅವರನ್ನು “ಸಂಬಂಧವಿಲ್ಲ” ಎಂದು ಬಿಟ್ಟುಕಳಿಸಿ ಸೊಸೆಗೆ ಮಾತ್ರ ಲೆಕ್ಕ ಹೇಳುವುದು ಯಾವ ನ್ಯಾಯ? ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಶರಣೆ. ಮನೆಗೆ ಏನು ಬರಬೇಕು, ಏನು ಬರಬಾರದು ಎಂದು ತೀರ್ಮಾನಿಸುವ ಹಕ್ಕು ಹೆಂಡತಿಗೆ ಹನ್ನೆರಡನೆಯ ಶತಮಾನದಲ್ಲೇ ಇತ್ತು. ನಾವು ಇಂದು ಆಕೆಯಿಂದ ಕೇಳುವುದು ಸಹಿಯನ್ನು ಮಾತ್ರ.

“ಹೆಂಗಸರೂ ಬಿಟ್ಟು ಹೋಗುತ್ತಾರೆ” ಎನ್ನುವರು. ಹೌದು. ಹೆಂಡತಿಯ ಹೆಸರಿನ ಗುಂಪು ಸಾಲಕ್ಕೆ ಸಹಿ ಹಾಕಿ, ಆಕೆ ಹೋದ ಮೇಲೆ ಕಂತು ಕಟ್ಟುತ್ತಿರುವ ಗಂಡಸರೂ ನಮ್ಮ ನಡುವೆ ಇದ್ದಾರೆ. ಎರಡು ವರ್ಷದ ಪರಿತ್ಯಾಗದ ಆಧಾರ ಅವರಿಗೂ ಅಷ್ಟೇ ಅನ್ವಯ, ಜಾಮೀನುದಾರನ ಹಕ್ಕೂ ಅಷ್ಟೇ. ಆದರೆ ಅಂಥ ಗಂಡಸಿಗೆ ನಮ್ಮ ಪಂಚಾಯಿತಿ ಎಂದಾದರೂ “ಏಳು ವರ್ಷ ಕಾಯಪ್ಪಾ” ಎಂದದ್ದನ್ನು ನಾನು ಕೇಳಿಲ್ಲ. ಆರು ತಿಂಗಳಲ್ಲಿ ಇನ್ನೊಂದು ಕನ್ಯೆ ನೋಡುತ್ತೇವೆ.

1913ರಲ್ಲಿ ಇದೇ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಅಪ್ಪಗಳ ಆಶ್ರಯದಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಆರಂಭಿಸಿದರು. ನೂರು ವರ್ಷ ದಾಟಿತು. ಮೆರವಣಿಗೆ ದೊಡ್ಡದಾಗುತ್ತಾ ಬಂದಿದೆ. ಆ ಮೆರವಣಿಗೆಯಲ್ಲಿ ಪೂರ್ಣಕುಂಭ ಹಿಡಿಯಲು ಗಂಡ ಬಿಟ್ಟವಳನ್ನು ಕರೆಯಲು ಇವತ್ತಿಗೂ ಹಿಂದೆಮುಂದೆ ನೋಡುತ್ತೇವಲ್ಲ, ಸೂತಕಗಳನ್ನೇ ತಳ್ಳಿಹಾಕಿದ ಧರ್ಮದವರು ನಾವು ಎಂದು ಯಾವ ಬಾಯಿಂದ ಹೇಳೋಣ?

ಆದ್ದರಿಂದ ಮಠಗಳ ಪೂಜ್ಯರಲ್ಲಿ, ಸಹಕಾರ ಸಂಘಗಳಲ್ಲಿರುವ ನಮ್ಮ ಬಂಧುಗಳಲ್ಲಿ, ನನ್ನಂಥ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು.

ಬಿಟ್ಟುಹೋದವರ ವಿಷಯ ಪಂಚಾಯಿತಿಗೆ ಬಂದ ಮೊದಲ ದಿನವೇ ತಾರೀಖು ಹಾಕಿ ಬರೆದಿಡಿ: ಯಾವಾಗ ಹೋದ, ಏನು ಹೇಳಿ ಹೋದ, ಕೊನೆಯ ವಿಳಾಸ ಯಾವುದು, ಅವನ ಮನೆಯವರು ಏನೆಂದರು. ಎರಡು ವರ್ಷದ ನಂತರ ಆ ಹಾಳೆ ನ್ಯಾಯಾಲಯದಲ್ಲಿ ಆಕೆಗೆ ಆಸರೆಯಾಗುತ್ತದೆ, ಬರೆದವರು ಸಾಕ್ಷಿ ಹೇಳಲು ಹೋಗಬೇಕು. ಆ ಎರಡು ವರ್ಷ ತುಂಬುವವರೆಗೂ ಆಕೆ ಬರಿಗೈಯಲ್ಲಿ ಕೂರಬೇಕಿಲ್ಲ. ಜೀವನಾಂಶವನ್ನು, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಹಣಕಾಸಿನ ಪರಿಹಾರವನ್ನು ಮೊದಲ ತಿಂಗಳಿಂದಲೇ ಕೇಳಬಹುದು. ಆರ್ಥಿಕ ಶೋಷಣೆಯೂ ಆ ಕಾಯ್ದೆಯಲ್ಲಿ ಹಿಂಸೆಯೇ. ಇದನ್ನು ಆಕೆಗೆ ಹೇಳಿ.

ಪಂಚಾಯಿತಿಯಲ್ಲಿ ಐವರು ಗಂಡಸರೇ ಕೂರುವುದು ನಿಲ್ಲಲಿ. ಅನುಭವ ಮಂಟಪದ ಹೆಸರು ಹೇಳುವ ನಾವು, ಹೆಣ್ಣಿನ ಬದುಕಿನ ತೀರ್ಪಿಗೆ ಒಬ್ಬ ಹೆಣ್ಣುಮಗಳನ್ನೂ ಕೂರಿಸದಿದ್ದರೆ ಆ ಹೆಸರು ಹೇಳಬಾರದು.

ಸಂಘದ ಸಿಬ್ಬಂದಿ ಸಾಲಪತ್ರವನ್ನು ಹೆಂಡತಿಗೆ, ಗಂಡ ಎದುರಿಗಿಲ್ಲದಾಗ, ಕನ್ನಡದಲ್ಲಿ ಓದಿ ಹೇಳಲಿ. “ಅವನು ಕಟ್ಟದಿದ್ದರೆ ಪೂರ್ತಿ ನೀನೇ ಕಟ್ಟಬೇಕು ತಾಯಿ” ಎಂಬ ಒಂದು ವಾಕ್ಯ ಸಾಕು. ಅದನ್ನು ಕೇಳಿಯೂ ಹಾಕಿದರೆ ಅದು ಆಕೆಯ ಸಹಿ. ಕೇಳದೆ ಹಾಕಿದ್ದು ನಮ್ಮ ಮೋಸ.

“ನೆಪಕ್ಕೆ” ಎಂಬ ಮಾತನ್ನು ನಾನು ಬಿಟ್ಟಿದ್ದೇನೆ. “ಕಾಯವ್ವಾ” ಎಂಬ ಮಾತನ್ನೂ ಬಿಟ್ಟಿದ್ದೇನೆ. ಈಗ ಮಠಕ್ಕೆ ಬಂದವರಿಗೆ ಮೊದಲು ಕೇಳುವುದು, “ಯಾವ ತಾರೀಖಿಗೆ ಹೋದ? ಯಾವ ಯಾವ ಕಾಗದಕ್ಕೆ ಸಹಿ ಹಾಕಿದ್ದೀ?” ಎಂದು. ನೀವೂ ಅದನ್ನೇ ಕೇಳಿರಿ.